ಉರ್ದುವಿನ ‘ತಿಲಿಸ್ಮ್’: ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

ಉರ್ದುವಿನ ವಿಜ್ಞಾನ ಕಥೆಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಅದರಲ್ಲಿ ಬರುವ, ಹಳೆಯ ಕಥೆಗಳ ಮಾಂತ್ರಿಕ ಲೋಕವನ್ನು ಹೇಳುವ ‘ತಿಲಿಸ್ಮ್’ ಪದಕ್ಕೆ ಕನ್ನಡದಲ್ಲಿ ಏನು ಹಾಕಬೇಕು ಅನ್ನೋದು ಬಗೆಹರಿಯುತ್ತಿಲ್ಲ.

ಈಗಿನ ಉರ್ದುವಿನಲ್ಲಿ ವಿಜ್ಞಾನ ಕಥೆಗೆ ‘ಸೈನ್ಸ್ ಫಿಕ್ಷನ್’ ಎಂದೇ ಬರೆಯುತ್ತಾರೆ. ಅದರಲ್ಲಿ ತೊಡಕಿಲ್ಲ. ಬೇರು ಹುಡುಕುತ್ತಾ ಹಿಂದಕ್ಕೆ ಹೋದರೆ, ಬಾಯಿಮಾತಿನಲ್ಲಿ ಹೇಳುತ್ತಿದ್ದ ಉದ್ದುದ್ದದ ಸಾಹಸ-ಮಾಟದ ಕಥೆಗಳಾದ ದಾಸ್ತಾನ್‌ಗಳು ಎದುರಾಗುತ್ತವೆ. ಅದರಲ್ಲೂ ‘ತಿಲಿಸ್ಮ್-ಎ-ಹೋಶ್‌ರುಬಾ’. ಲಖನೌದ ನವಲ್ ಕಿಶೋರ್ ಪ್ರೆಸ್ 1883ರಿಂದ ಸಂಪುಟ ಸಂಪುಟವಾಗಿ ಅಚ್ಚು ಹಾಕಿದ್ದು. ಶುರು ಮಾಡಿದವರು ಮುಹಮ್ಮದ್ ಹುಸೇನ್ ಜಾಹ್, ಮುಂದುವರಿಸಿದವರು ಅಹ್ಮದ್ ಹುಸೇನ್ ಕಮರ್. ಹೋಶ್ ಅಂದರೆ ಅರಿವು, ನಮ್ಮ ‘ಹುಷಾರು’ ಪದದಲ್ಲಿರುವುದೂ ಅದೇ. ರುಬಾ ಅಂದರೆ ಕಸಿದುಕೊಳ್ಳುವಂಥದ್ದು.

ತಿಲಿಸ್ಮ್ ಗ್ರೀಕಿನ ‘ಟೆಲೆಸ್ಮಾ’ದಿಂದ ಅರಬ್ಬಿಗೆ ಬಂದ ಪದ. ಇಂಗ್ಲಿಷಿನ ಟ್ಯಾಲಿಸ್ಮನ್ ಕೂಡ ಅದೇ ಮನೆತನದ್ದು. ಹಾಗಂತ ‘ತಾಯಿತ’ ಎಂದು ಬರೆದರೆ ಕಥೆಯೇ ಕೆಟ್ಟುಹೋಗುತ್ತದೆ. ದಾಸ್ತಾನ್‌ನಲ್ಲಿ ತಿಲಿಸ್ಮ್ ಅಂದರೆ ಮಾಂತ್ರಿಕರು ಕಟ್ಟಿದ ಇಡೀ ಒಂದು ಲೋಕ. ‘ಮಾಯಾಲೋಕ’ ಎನ್ನೋಣವೆಂದರೆ, ಮಾಯೆ ಅಂದ ಕೂಡಲೇ ಇಲ್ಲದ್ದು ಇದ್ದ ಹಾಗೆ ಕಾಣುವುದು ಎಂಬ ಅರ್ಥ ಬಂದುಬಿಡುತ್ತದೆ. ಇಲ್ಲಿ ಹಾಗಲ್ಲ. ಒಳಗೆ ಹೊಕ್ಕವನು ನಿಜವಾಗಿಯೂ ಸಿಕ್ಕಿಬೀಳುತ್ತಾನೆ. ಆ ಲೋಕಕ್ಕೆ ತನ್ನದೇ ಕಟ್ಟಳೆಗಳಿವೆ. ಅದನ್ನು ಒಡೆಯುವ ಬಗೆ ‘ಲೌಹ್’ ಎಂಬ ಫಲಕದಲ್ಲಿ ಸಿಗುತ್ತದೆ. ಅದನ್ನು ಓದಿ, ಹೇಳಿದ ಹಾಗೇ ನಡೆದು ತಿಲಿಸ್ಮ್ ಬಿಡಿಸಿದವನು ‘ತಿಲಿಸ್ಮ್-ಕುಶಾ’. ಕಟ್ಟಿದ ಲೋಕ, ಅದರ ನಿಯಮ, ನಿಯಮ ಅರಿತವನಿಗೆ ಗೆಲುವು: ವಿಜ್ಞಾನ ಕಥೆಯ ಮೂಲ ಗುಣ ಇದೇ ಅಲ್ವಾ?

ಹೋಶ್‌ರುಬಾದ ಒಡೆಯ ಅಫ್ರಾಸಿಯಾಬ್ ಎಲ್ಲೋ ದೂರದಲ್ಲಿ ನಡೆಯುತ್ತಿರುವುದನ್ನು ಕೂತಲ್ಲೇ ‘ಸಾಮರಿಯ ಪುಸ್ತಕ’ ತೆರೆದು ಓದಿಕೊಳ್ಳುತ್ತಾನೆ. ವೇಷ ಬದಲಿಸುವ ಚತುರ ಬೇಹುಗಾರ ಅಮರ್ ಅಯ್ಯಾರ್‌ನ ಹತ್ತಿರ ‘ಜಂಬೀಲ್’ ಎಂಬ ಚೀಲವಿದೆ. ಏನು ಹಾಕಿದರೂ ಹಿಡಿಯುತ್ತದೆ, ಅದರೊಳಗೆ ಊರುಗಳೇ ಇವೆ. (ಇದಕ್ಕೆ ‘ಜೋಳಿಗೆ’ ಸರಿಹೋಗುತ್ತದೆ ಅನಿಸಿತು. ಜಂಬೀಲ್ ಕೂಡ ಬೇಡುವವರ ಚೀಲವೇ.)

1888ರಲ್ಲಿ ಬಂದ ದೇವಕಿನಂದನ ಖತ್ರಿಯವರ ಹಿಂದಿ ಕಾದಂಬರಿ ‘ಚಂದ್ರಕಾಂತಾ’ ‘ತಿಲಿಸ್ಮ್’ ಪದವನ್ನು ಎತ್ತಿಕೊಂಡಿತು. ದೂರದರ್ಶನದ ಧಾರಾವಾಹಿ ನೋಡಿದವರಿಗೆ ನೆನಪಿರಬಹುದು. ಆದರೆ ಖತ್ರಿಯವರ ತಿಲಿಸ್ಮ್‌ನಲ್ಲಿ ಮಂತ್ರಕ್ಕಿಂತ ಕೀಲು, ಗುಪ್ತ ಬಾಗಿಲು, ಮದ್ದುಗಳದ್ದೇ ಕೆಲಸ ಜಾಸ್ತಿ. ಮುಂದೆ ಇಬ್ನೆ ಸಫಿಯವರ ಉರ್ದು ಪತ್ತೇದಾರಿ ಕಾದಂಬರಿಗಳಲ್ಲಿ ಬರುವ ‘ಜೀರೋಲ್ಯಾಂಡ್’ ಎಂಬ ಗುಟ್ಟಿನ ನಾಡೂ ನನಗೆ ತಿಲಿಸ್ಮ್‌ನ ಮೊಮ್ಮಗುವಿನಂತೆಯೇ ಕಾಣುತ್ತದೆ.

ಹಾಗಾಗಿ ನನ್ನ ಮನಸ್ಸು ‘ಯಂತ್ರ’ದ ಕಡೆ ವಾಲುತ್ತಿದೆ. ಕನ್ನಡದಲ್ಲಿ ತಗಡಿನ ಮೇಲೆ ಬರೆಸಿ ಬಾಗಿಲಿಗೆ ಕಟ್ಟುವುದೂ ಯಂತ್ರ, ಬಟ್ಟೆ ಹೊಲಿಯುವುದೂ ಯಂತ್ರ. ಮಾಟ ಮತ್ತು ಮಷೀನು ಎರಡನ್ನೂ ಒಟ್ಟಿಗೆ ಹೊರುವ ಪದ ಕೈಯಲ್ಲೇ ಇರುವಾಗ ‘ಯಂತ್ರಲೋಕ’ ಎನ್ನಬಹುದಾ? ಅಥವಾ ಈಗಿನವರಿಗೆ ಅದು ಬರೀ ಕಾರ್ಖಾನೆಯ ಹಾಗೆ ಕೇಳಿಸುತ್ತದಾ?

ಬೀದರ್, ಕಲಬುರಗಿ, ರಾಯಚೂರಿನವರು ದಯವಿಟ್ಟು ತಿಳಿಸಿ: ನಿಮ್ಮ ಕಡೆ ಕನ್ನಡ ಮಾತಿನಲ್ಲಿ ‘ತಿಲಿಸ್ಮ್’ ಅಥವಾ ‘ತಿಲಿಸ್ಮಾತ್’ ಬಳಕೆಯಲ್ಲಿದೆಯಾ? ಇದ್ದರೆ ಯಾವ ಅರ್ಥದಲ್ಲಿ? ಒಂದೆರಡು ವಾಕ್ಯ ಬರೆದು ತೋರಿಸಿದರೆ ಉಪಕಾರ. ‘ಲೌಹ್’ಗೆ ಸದ್ಯಕ್ಕೆ ‘ತಗಡು’ ಎಂದು ಬರೆದಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಅದನ್ನೂ ಹೇಳಿ.