ಮನೆ ಗ್ರೂಪಿನಲ್ಲಿ ಗಿಂಬಲ್ ಗಲಾಟೆ

ನಮ್ಮ ಮನೆ ಗ್ರೂಪಿನಲ್ಲಿ ಶುಭೋದಯದ ಹೂವು, ಯಾರದೋ ಗೃಹಪ್ರವೇಶದ ಪತ್ರಿಕೆ ಬಿಟ್ಟರೆ ಬೇರೇನೂ ಬರುವುದಿಲ್ಲ. ಹೋದ ಭಾನುವಾರ ಮಾತ್ರ ಬೆಳಿಗ್ಗೆಯಿಂದ ರಾತ್ರಿವರೆಗೆ ಫೋನು ಗುಂಯ್ ಅನ್ನುತ್ತಲೇ ಇತ್ತು. ಶಿವಮೊಗ್ಗದ ಚಿಕ್ಕಪ್ಪನ ಮಗ ಪುಟ್ಟ ಹಾಕಿದ ಒಂದು ಲಿಂಕೇ ಇದಕ್ಕೆಲ್ಲ ಕಾರಣ. ಚಿಕ್ಕಪ್ಪ ಹಕ್ಕಿಗಳ ಫೋಟೋ ತೆಗೆಯುವವರು. ಲಿಂಕ್ ಇದ್ದದ್ದು ಗಿಂಬಲ್ ಹೆಡ್ಡಿನದು, ಅಂದರೆ ಕ್ಯಾಮೆರಾದ ಮುಕ್ಕಾಲು ಸ್ಟ್ಯಾಂಡಾದ ಟ್ರೈಪಾಡಿನ ಮೇಲೆ ಕೂತು, ಭಾರದ ಲೆನ್ಸನ್ನು ಹಿಡಿದು ತಿರುಗಿಸುವ ಭಾಗ. ಅಳಿಸಿದ ಮೆಸೇಜು, ಕೈ ಮುಗಿದ ಎಮೋಜಿ ಬಿಟ್ಟು ಉಳಿದದ್ದು ಇಲ್ಲಿದೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ.

ಬೆಳಿಗ್ಗೆ 7:10

ಪುಟ್ಟ: ಲಿಂಕ್ ನೋಡಿ. ಅಪ್ಪನ ಲೆನ್ಸಿಗೆ ಗಿಂಬಲ್ ಹೆಡ್. 9,400 ರೂಪಾಯಿ. ಭಾವ, ಅರ್ಧ ನಿಮ್ಮದು, ಅರ್ಧ ನಮ್ಮದು. ತಿಂಗಳಿಗೊಬ್ಬರು ಇಟ್ಟುಕೊಳ್ಳೋಣ.

ಅತ್ತೆ: ಮದುವೆಯಲ್ಲಿ ಆ ಹುಡುಗ ಮೊಬೈಲ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದನಲ್ಲ, ಆ ಕೋಲಾ? ಅದಕ್ಕೆ ಒಂಬತ್ತು ಸಾವಿರವಾ?

ಪುಟ್ಟ: ಅದು ಬೇರೆ ಅತ್ತೆ. ಅದಕ್ಕೆ ಬ್ಯಾಟರಿ, ಮೋಟರ್ ಇರುತ್ತದೆ. ಇದಕ್ಕೆ ಏನೂ ಇಲ್ಲ. ಬರೀ ಲೋಹದ ತೋಳು. ಮೇಲೆ ಕೆಳಗೆ ಆಡುತ್ತದೆ, ಸುತ್ತ ತಿರುಗುತ್ತದೆ. ಅಷ್ಟೇ.

ಅತ್ತೆ: ಏನೂ ಇಲ್ಲದ್ದಕ್ಕೆ ಒಂಬತ್ತು ಸಾವಿರ. ಸರಿ ಬಿಡು.

ಚಿಕ್ಕಪ್ಪ: ನನಗೆ ಬೇಡ. ಟ್ರೈಪಾಡಿನ ಜೊತೆ ಬಂದ, ಗುಂಡಿನ ಮೇಲೆ ತಿರುಗುವ ಬಾಲ್ ಹೆಡ್ ಚೆನ್ನಾಗಿಯೇ ಇದೆ.

ಭಾವ: ಮಾವ, ಗಿಂಬಲ್ ಬೇಕೇ ಬೇಕು. ಆದರೆ ಈ ಅಗ್ಗದ್ದು ಬೇಡ. ಕೊಂಡರೆ ವಿಂಬರ್ಲಿ ಕಂಪನಿಯದೇ ಕೊಳ್ಳಬೇಕು. ನನ್ನ ಗೆಳೆಯನ ಹತ್ತಿರ ಇದೆ. 500 ಎಂಎಂ ಎಫ್4 ಲೆನ್ಸ್ ಹಾಕಿ ಒಂದೇ ಬೆರಳಲ್ಲಿ ತಿರುಗಿಸುತ್ತಾನೆ.

ಪುಟ್ಟ: ಅದಕ್ಕೆ ಅಮೆರಿಕದಲ್ಲೇ 600 ಡಾಲರ್ ಆಸುಪಾಸು ಭಾವ. ಇಲ್ಲಿಗೆ ತರಿಸಿದರೆ ಸುಂಕ ಬೇರೆ. ಅಪ್ಪನ ಟ್ರೈಪಾಡೇ ಏಳು ಸಾವಿರದ್ದು.

ಅತ್ತೆ: ಆರುನೂರು ಡಾಲರ್ ಅಂದರೆ ಎಷ್ಟು?

ಯಾರೂ ಉತ್ತರ ಕೊಡಲಿಲ್ಲ. ಭಾವ ಹಾಗೇ ಆಫ್‌ಲೈನ್ ಹೋದರು.

ಬೆಳಿಗ್ಗೆ 9:35

ಅಕ್ಕ: ಚಿಕ್ಕಪ್ಪ, ಬಾಲ್ ಹೆಡ್ ಅಂದರೆ ತಲೆಯ ಮೇಲೆ ತುಂಬಿದ ಕೊಡ. ಭಾರವೆಲ್ಲ ಗುಂಡಿನ ಮೇಲೆ ಕೂತಿರುತ್ತದೆ. ನೆಟ್ಟಗಿದ್ದರೆ ಸರಿ. ಒಂಚೂರು ವಾಲಿದರೆ ಇನ್ನಷ್ಟು ವಾಲುತ್ತದೆ. ಗಿಂಬಲ್ ತೊಟ್ಟಿಲಿನ ಹಾಗೆ, ಲೆನ್ಸನ್ನು ತೂಗು ಹಾಕುತ್ತದೆ.

ಅಕ್ಕ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಗ್ರೂಪಿನಲ್ಲೂ ಸೀಮೆಸುಣ್ಣ ಕೆಳಗಿಡುವುದಿಲ್ಲ.

ಚಿಕ್ಕಪ್ಪ: ತೊಟ್ಟಿಲು ತೂಗಿ ಬಿಟ್ಟರೆ ವಾಪಸ್ ಬರುತ್ತದೆ. ನಾನು ಮರದ ತುದಿಯ ಹಕ್ಕಿಗೆ ಲೆನ್ಸ್ ಎತ್ತಿ ಕೈಬಿಟ್ಟರೆ ಅದೂ ವಾಪಸ್ ಬರಬೇಕಲ್ಲ?

ಅಕ್ಕ: ಒಳ್ಳೆ ಪ್ರಶ್ನೆ. ಅದಕ್ಕೇ ಅದರಲ್ಲಿ ಲೆನ್ಸ್ ಕೂರುವ ತಟ್ಟೆಯನ್ನು ಮೇಲೆ ಕೆಳಗೆ ಸರಿಸಲು ಬರುತ್ತದೆ. ತಟ್ಟೆ ತೀರಾ ಕೆಳಗಿದ್ದರೆ ತೊಟ್ಟಿಲು, ವಾಪಸ್ ಬರುತ್ತದೆ. ತೀರಾ ಮೇಲಿದ್ದರೆ ಕೊಡ, ಉರುಳುತ್ತದೆ. ಭಾರದ ನಡು ಮತ್ತು ತಿರುಗುವ ಅಚ್ಚು ಒಂದೇ ಮಟ್ಟಕ್ಕೆ ಬಂದರೆ ಎರಡೂ ಅಲ್ಲ. ಸೈಕಲ್ ಮಗುಚಿಟ್ಟು ಚಕ್ರ ತಿರುಗಿಸಿದರೆ ಹೇಗೆ ಎಲ್ಲೆಂದರಲ್ಲಿ ನಿಲ್ಲುತ್ತದೋ ಹಾಗೆ. ಸ್ಕ್ರೂ ಬಿಗಿ ಮಾಡುವ ಕೆಲಸವೇ ಇಲ್ಲ.

ಚಿಕ್ಕಪ್ಪ: ಚಕ್ರ ವಾಲ್ವ್ ಇರುವ ಕಡೆ ಕೆಳಗೆ ಬಂದೇ ನಿಲ್ಲುತ್ತದೆ.

ಅಕ್ಕ: ಚಿಕ್ಕಪ್ಪ!

ಬೆಳಿಗ್ಗೆ 11:02

ನಾನು: ತೂಕ ಲೆಕ್ಕ ಹಾಕಿದೆ. ಚಿಕ್ಕಪ್ಪನದು ನಿಕಾನ್ 200-500 ಎಂಎಂ ಜೂಮ್ ಲೆನ್ಸ್. ಟ್ರೈಪಾಡಿಗೆ ಕೂರಿಸುವ ಕಾಲರ್ ಸೇರಿ 2,300 ಗ್ರಾಂ. ಡಿ500 ಕ್ಯಾಮೆರಾ ಬಾಡಿ, ಬ್ಯಾಟರಿ, ಕಾರ್ಡ್ ಸೇರಿ 860 ಗ್ರಾಂ. ಒಟ್ಟು ಮೂರು ಕಿಲೋ ಚಿಲ್ಲರೆ. ಲಿಂಕಿನಲ್ಲಿ ಇಪ್ಪತ್ತು ಕಿಲೋ ಹೊರುತ್ತದೆ ಎಂದು ಬರೆದಿದ್ದಾರೆ. ಧಾರಾಳ ಆಯಿತಲ್ಲ?

ಭಾವ: ಹೊರುವುದು ಬೇರೆ, ನುಣ್ಣಗೆ ತಿರುಗುವುದು ಬೇರೆ. ಇಪ್ಪತ್ತು ಕಿಲೋ ಇಟ್ಟರೆ ಮುರಿಯುವುದಿಲ್ಲ ಅನ್ನಬಹುದು, ಅಷ್ಟೇ. ಹಾರುವ ಹಕ್ಕಿಯ ಹಿಂದೆ ಲೆನ್ಸ್ ತಿರುಗಿಸುವಾಗ ಒಂದು ಕಡೆ ಹಿಡಿದು, ಇನ್ನೊಂದು ಕಡೆ ಜಾರಿದರೆ ಏನು ಮಾಡುತ್ತೀರಿ? ಅಗ್ಗದ ಹೆಡ್ಡುಗಳ ಹಣೆಬರಹವೇ ಅದು. ಬುಡದಲ್ಲಿ ಬೇರಿಂಗ್ ಸಡಿಲ ಇರುತ್ತದೆ. ತೋಳಿನ ತುದಿ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತದೆ.

ಪುಟ್ಟ: ಎಲ್ಲವೂ ಹಾಗಿರುವುದಿಲ್ಲ.

ಭಾವ: ಯಾವುದು ಹಾಗಿಲ್ಲ ಅಂತ ಫೋಟೋ ನೋಡಿ ಗೊತ್ತಾಗುತ್ತದಾ?

ಇಲ್ಲಿ ಭಾವನ ಮಾತು ಸರಿ, ಒಪ್ಪಲೇಬೇಕು. ಅವರು ಅಲ್ಲಿಗೇ ನಿಲ್ಲಿಸಬೇಕಿತ್ತು.

ಭಾವ: ಅದಕ್ಕೇ ಹೇಳಿದ್ದು, ನಾನೂ ಕಬಿನಿಗೆ ಒಯ್ಯುವವನು, ಒಳ್ಳೆಯದೇ ಬರಲಿ ಅಂತ.

ಅಕ್ಕ: ರೀ, ಕಬಿನಿಯಲ್ಲಿ ನೀವು ಜೀಪಿನಿಂದ ಇಳಿಯುವ ಹಾಗೇ ಇಲ್ಲ. ಹತ್ತು ಜನರ ಮೊಣಕಾಲಿನ ನಡುವೆ ಟ್ರೈಪಾಡ್ ಎಲ್ಲಿ ಬಿಚ್ಚುತ್ತೀರಿ? ಲೆನ್ಸ್ ಊರಿಕೊಳ್ಳಲು ನಿಮ್ಮ ಹಳೇ ಜೀನ್ಸ್ ಕಾಲಿಗೆ ಅಕ್ಕಿ ತುಂಬಿ ಬೀನ್ ಬ್ಯಾಗ್ ಹೊಲಿದುಕೊಟ್ಟಿದ್ದೇನೆ. ಅದೇ ಸಾಕು.

ಭಾವ: ರಂಗನತಿಟ್ಟು?

ಅಕ್ಕ: ದೋಣಿ. ದೋಣಿಯೇ ಅಲುಗಾಡುವಾಗ ಕಾಲು ಊರಿ ಏನು ಪ್ರಯೋಜನ? ಅಲ್ಲೂ ಜೀನ್ಸೇ.

ಅತ್ತೆ: ಯಾವ ಅಕ್ಕಿ ತುಂಬಿದೆ?

ಅಕ್ಕ: ರೇಷನ್ನಿನದು ಅತ್ತೆ.

ಮಧ್ಯಾಹ್ನ 1:48

ಚಿಕ್ಕಪ್ಪ: ಊಟ ಆಯಿತು. ನನ್ನ ಕೊನೆ ಮಾತು ಕೇಳಿ. ಆ ಹೆಡ್ ಒಂದೇ ಸುಮಾರು 1.4 ಕಿಲೋ ಇದೆಯಂತೆ. ನನ್ನ ಬಲ ಭುಜ ಹೇಗಿದೆ ಎಂದು ನಿಮಗೆಲ್ಲ ಗೊತ್ತು. ಹೊರುವುದು ಯಾರು? ನನ್ನ ಬಾಲ್ ಹೆಡ್ ಅಂಗೈಯಲ್ಲಿ ಹಿಡಿಸುತ್ತದೆ. ಇದುವರೆಗೆ ಒಂದು ದಿನವೂ ಕೈಕೊಟ್ಟಿಲ್ಲ.

ಚಿಕ್ಕಮ್ಮ: ಒಂದು ದಿನವೂ?

ಚಿಕ್ಕಪ್ಪ: ನೀನು ಸುಮ್ಮನಿರು.

ಚಿಕ್ಕಮ್ಮ: ಹೋದ ಆಗಸ್ಟಿನಲ್ಲಿ ಮಂಡಗದ್ದೆಯಲ್ಲಿ ಏನಾಯಿತು ಎಂದು ನಾನು ಹೇಳಲಾ, ನೀವೇ ಹೇಳುತ್ತೀರಾ?

ನಾನು ಪಕ್ಷಿಧಾಮದ ಹೆಸರು ಕೇಳಿಯೇ ಸೆಟೆದು ಕೂತೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ ಸಿಗುವ ಜಾಗ ಅದು. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ದಡದಲ್ಲಿ ನಿಂತೇ ನೋಡಬಹುದು, ದೋಣಿ ಬೇಕಿಲ್ಲ. ಟ್ರೈಪಾಡಿಗೆ ಹೇಳಿ ಮಾಡಿಸಿದ ಹಾಗಿದೆ.

ಚಿಕ್ಕಪ್ಪ "ಟೈಪಿಂಗ್" ಎಂದು ನಾಲ್ಕು ನಿಮಿಷ ತೋರಿಸಿತು.

ಚಿಕ್ಕಪ್ಪ: ಬೆಳ್ಳಕ್ಕಿ ಬಾಯಲ್ಲಿ ಕಡ್ಡಿ ಹಿಡಿದು ಗೂಡಿಗೆ ಬರುತ್ತಿತ್ತು. ಅದರ ಜೊತೆ ತಿರುಗಿಸೋಣ ಎಂದು ಬಾಲ್ ಸಡಿಲ ಮಾಡಿದೆ. ಕೈಯಲ್ಲಿ ಬೆವರೋ ಮಳೆಯೋ. ಲೆನ್ಸ್ ಮುಂದಕ್ಕೆ ಮುಗ್ಗರಿಸಿತು. ಅದರ ಭಾರಕ್ಕೆ ಟ್ರೈಪಾಡಿನ ಒಂದು ಕಾಲು ಎದ್ದಿತು. ನಾನು ಹಿಡಿದೆ. ಹೆಬ್ಬೆರಳು ಮಧ್ಯೆ ಸಿಕ್ಕಿಕೊಂಡಿತು. ಲೆನ್ಸಿನ ಮೂತಿಯ ಹುಡ್ ಕಲ್ಲಿಗೆ ತಾಗಿತು. ಅಷ್ಟೇ.

ಪುಟ್ಟ: ಅಪ್ಪ! ಹುಡ್ಡಿನ ಮೇಲಿನ ಗೀರು ಬೆಕ್ಕು ಮಾಡಿದ್ದು ಎಂದಿದ್ದಿರಿ!

ಅತ್ತೆ: ಹೆಬ್ಬೆರಳು ಬಾಗಿಲಿಗೆ ಸಿಕ್ಕಿತು ಎಂದು ನನ್ನ ಹತ್ತಿರ ಹೇಳಿದ್ದೆಯಲ್ಲೋ.

ಚಿಕ್ಕಪ್ಪ: ಈಗ ಸರಿ ಹೋಗಿದೆ.

ಇದಾದ ಮೇಲೆ ಬೇಕೋ ಬೇಡವೋ ಎಂಬ ಚರ್ಚೆ ಮುಗಿಯಿತು. ಯಾವುದು ಎಂಬುದು ಮಾತ್ರ ಉಳಿಯಿತು.

ಸಂಜೆ 4:40

ಪುಟ್ಟ: ಹಿಂದಿನ ಬೀದಿಯ ಮೇಷ್ಟರ ಹತ್ತಿರ ಇಂಥದ್ದೇ ಅಗ್ಗದ ಗಿಂಬಲ್ ಇದೆ. ಮೂರು ವರ್ಷ ಹಳೆಯದು. ತಂದು ಜಗಲಿಯ ಮೇಲೆ ನಿಲ್ಲಿಸಿದ್ದೇನೆ. ಭಾವ ಹೇಳಿದ ಹಾಗೆ ತೋಳಿನ ತುದಿ ಅಲ್ಲಾಡಿಸಿದೆ. ಟಕ್ ಅನ್ನಲಿಲ್ಲ. ವಿಡಿಯೋ ನೋಡಿ.

ಮೊದಲ ವಿಡಿಯೋ ಹನ್ನೊಂದು ಸೆಕೆಂಡಿನದು. ಲೆನ್ಸ್ ಅಡ್ಡ ನಿಂತಿದೆ, ತಕ್ಕಡಿ ದಂಡದ ಹಾಗೆ ಸಮವಾಗಿ. ಪುಟ್ಟ ಎರಡೂ ಕೈ ಎತ್ತಿ ತೋರಿಸುತ್ತಾನೆ. ಆಮೇಲೆ ಚಿಕ್ಕಪ್ಪನ ಕೈ ಬಂದು ಜೂಮ್ ತಿರುಗಿಸುತ್ತದೆ. 200ರಿಂದ 500ಕ್ಕೆ ಹೋಗುತ್ತಿದ್ದ ಹಾಗೇ ಲೆನ್ಸ್ ಮುಂದಕ್ಕೆ ಉದ್ದವಾಗುತ್ತದೆ, ಮೂಗು ಮೆಲ್ಲಗೆ ನೆಲದ ಕಡೆ ಇಳಿಯುತ್ತದೆ. "ನೋಡಿದೆಯಾ!" ಎಂಬ ಗೆಲುವಿನ ಧ್ವನಿಯೊಂದಿಗೆ ವಿಡಿಯೋ ಮುಗಿಯುತ್ತದೆ.

ಭಾವ: ಮಾವ, ಹಕ್ಕಿಗೆ 500 ಬಿಟ್ಟು ಬೇರೆ ಯಾವುದಕ್ಕೆ ಜೂಮ್ ಇಡುತ್ತೀರಿ? ಪೂರ್ತಿ ಚಾಚಿ, ಆಮೇಲೆ ತೂಕ ನೋಡಿ. ಲೆನ್ಸನ್ನು ಹಿಂದಕ್ಕೆ ಸರಿಸಬೇಕು.

ಪುಟ್ಟ: ಸರಿಸಿದೆ. ಪ್ಲೇಟ್ ಸಾಲುತ್ತಿಲ್ಲ. ಲೆನ್ಸಿನ ಕಾಲಿಗೆ ಅಂಟಿಸಿರುವುದು ಬಾಲ್ ಹೆಡ್ಡಿನ ಜೊತೆ ಬಂದ ಎರಡು ಇಂಚಿನ ತುಂಡು.

ಭಾವ: ಅದೇ ನೋಡು. ಆರ್ಕಾ ಸ್ವಿಸ್ ಅಳತೆಯ ಉದ್ದ ಪ್ಲೇಟ್ ಬೇಕು, ಐದಾರು ಇಂಚಿನದು. ಎರಡೂ ತುದಿಗೆ ತಡೆ ಸ್ಕ್ರೂ ಇರಲೇಬೇಕು. ಹಿಡಿಕೆ ಸಡಿಲವಾದರೂ ಲೆನ್ಸ್ ಜಾರಿ ಬೀಳುವುದಿಲ್ಲ. ಹೆಡ್ ಎಷ್ಟೇ ದುಬಾರಿಯದಾಗಲಿ, ಈ ಚಿಕ್ಕ ಸ್ಕ್ರೂ ಇಲ್ಲದಿದ್ದರೆ ನಾನು ಲೆನ್ಸ್ ಹಾಕುವುದಿಲ್ಲ.

ಮೇಷ್ಟರ ಪ್ಲೇಟನ್ನೂ ಎರವಲು ತಂದರು. ಎರಡನೇ ವಿಡಿಯೋ ಬರುವಷ್ಟರಲ್ಲಿ ಐದೂವರೆ. ಲೆನ್ಸ್ ಪೂರ್ತಿ ಚಾಚಿದೆ. ಚಿಕ್ಕಪ್ಪ ಅದರ ಹಿಂದೆ ನಿಂತು, ಗಾಯವಾಗಿದ್ದ ಅದೇ ಹೆಬ್ಬೆರಳಿನಿಂದ ತಳ್ಳುತ್ತಾರೆ. ಲೆನ್ಸ್ ತೆಂಗಿನ ಮರದ ತುದಿಗೆ ಏರಿ ನಿಲ್ಲುತ್ತದೆ. ಇನ್ನೊಮ್ಮೆ ತಳ್ಳುತ್ತಾರೆ. ಬಾವಿಕಟ್ಟೆಯ ಕಡೆ ಇಳಿದು ನಿಲ್ಲುತ್ತದೆ. ಯಾರೂ ಮಾತಾಡುವುದಿಲ್ಲ. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತದೆ.

ಚಿಕ್ಕಪ್ಪ: ನೋಡೋಣ.

ಈ "ನೋಡೋಣ" ಅಂದರೆ "ಆಯಿತು" ಎಂದು ಅರ್ಥ. ನಲವತ್ತು ವರ್ಷದಿಂದ ಕೇಳಿದ್ದೇವೆ.

ರಾತ್ರಿ 8:20

ಭಾವ: ಸರಿ, ಸೋತೆ. ಮೂರು ಕಿಲೋಗೆ ಅಗ್ಗದ್ದೇ ಸಾಕು. ಜೂಮ್ ಇಲ್ಲದ, ನಾಲ್ಕು ಕಿಲೋದ ದೊಡ್ಡ ಪ್ರೈಮ್ ಲೆನ್ಸ್ ಆಗಿದ್ದರೆ ನಾನು ಬಿಡುತ್ತಿರಲಿಲ್ಲ. ಆದರೆ ವಿಡಿಯೋದಲ್ಲಿ ಇನ್ನೊಂದು ನೋಡಿದೆ. ಮಾವ ತಳ್ಳಿದಾಗ ಹೆಡ್ ಅಲುಗಲಿಲ್ಲ, ಟ್ರೈಪಾಡಿನ ಕಾಲು ನಡುಗಿತು. ನಡುಗಂಬ ಬೇರೆ ಎತ್ತಿದ್ದೀರಿ. 9,400 ಕೊಟ್ಟು ಅದನ್ನು ಈ ಕಡ್ಡಿಕಾಲಿನ ಮೇಲೆ ಕೂರಿಸಿದರೆ ಏನು ಬಂತು?

ಪುಟ್ಟ: ಹಾಗಾದರೆ ಟ್ರೈಪಾಡೂ ಹೊಸದಾ?

ಅಕ್ಕ: ನಮ್ಮ ಅಟ್ಟದ ಮೇಲೆ ಒಂದಿದೆ. ದಪ್ಪ ಕಾಲಿನದು, ನಡುಗಂಬವೇ ಇಲ್ಲ. ಇವರು ಕೊಂಡು, ಭಾರ ಎಂದು ಎಸೆದದ್ದು.

ಭಾವ: ಎಸೆದದ್ದಲ್ಲ, ಎತ್ತಿಟ್ಟದ್ದು. 3/8 ಇಂಚಿನ ಸ್ಕ್ರೂ ಇದೆ, ಗಿಂಬಲ್ ನೇರ ಕೂರುತ್ತದೆ. ನನ್ನ ಅರ್ಧ ಪಾಲು ಎಂದು ಅದನ್ನೇ ಕೊಡುತ್ತೇನೆ. ದುಡ್ಡು ಕೇಳಬೇಡಿ.

ಪುಟ್ಟ: ತಿಂಗಳಿಗೊಬ್ಬರು?

ಭಾವ: ನನಗೆ ಜೀನ್ಸ್ ಇದೆ.

ಚಿಕ್ಕಪ್ಪ: ಅಳಿಯಂದಿರೇ, ಅದರ ತೂಕ ಎಷ್ಟು?

ಭಾವ: ಹೊರಲು ಪುಟ್ಟ ಇದ್ದಾನಲ್ಲ ಮಾವ. ಮಂಡಗದ್ದೆಯಲ್ಲಿ ರಸ್ತೆಯಿಂದ ದಡಕ್ಕೆ ಎಷ್ಟು ದೂರ?

ಪುಟ್ಟ: ಆರ್ಡರ್ ಮಾಡಿದೆ. ಪ್ಲೇಟೂ ಸೇರಿ 10,650. ಬೇಡವಾದರೆ ವಾಪಸ್ ಕಳಿಸಲು ಹತ್ತು ದಿನ ಇದೆ. ಬಂದ ದಿನವೇ ಅಲ್ಲಾಡಿಸಿ ನೋಡುತ್ತೇನೆ. ಟಕ್ ಅಂದರೆ ವಾಪಸ್.

ಅತ್ತೆ: ಒಂಬತ್ತು ಇದ್ದದ್ದು ಸಂಜೆಯೊಳಗೆ ಹತ್ತು ದಾಟಿತು. ಬೆಳಿಗ್ಗೆಯೇ ಕೊಂಡಿದ್ದರೆ ಆಗುತ್ತಿತ್ತು.

ಚಿಕ್ಕಮ್ಮ: ಕೊರಿಯರ್ ಬಂದರೆ ನಾನೇ ತೆಗೆದುಕೊಳ್ಳುತ್ತೇನೆ. ಬೆಕ್ಕನ್ನು ಒಳಗೆ ಕಟ್ಟಿಹಾಕಿ.