ಮನೆಯ ಹಿಂದಿನ ಧರೆಗೆ ತಡೆಗೋಡೆ: ಮೂವರು ಗುತ್ತಿಗೆದಾರರಲ್ಲಿ ಯಾರನ್ನು ನಂಬಲಿ?

ಪುತ್ತೂರಿನ ಟೀಚರ್:

ಎಲ್ಲರಿಗೂ ನಮಸ್ಕಾರ. ನಮ್ಮದು ಪುತ್ತೂರು ತಾಲ್ಲೂಕಿನ ಒಂದು ಹಳ್ಳಿ. ಈ ಭಾಗದ ಬಹಳಷ್ಟು ಮನೆಗಳಂತೆ ನಮ್ಮದೂ ಗುಡ್ಡ ಕಡಿದು ಸಮತಟ್ಟು ಮಾಡಿ ಕಟ್ಟಿದ ಮನೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ 11 ಅಡಿ ದೂರದಲ್ಲಿ ಧರೆ, ಅಂದರೆ ಗುಡ್ಡ ಕಡಿದಾಗ ನೆಟ್ಟಗೆ ಉಳಿದ ಮಣ್ಣಿನ ಬದಿ. ಎತ್ತರ 8 ಅಡಿ, ಉದ್ದ 42 ಅಡಿ. ಈ ಜುಲೈಯಲ್ಲಿ ಅದರ ಒಂದು ಮೂಲೆ ಜರಿದು, ಬಟ್ಟೆ ಒಗೆಯುವ ಕಲ್ಲಿನವರೆಗೆ ಮಣ್ಣು ಬಂದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ರಾತ್ರಿ ಜೋರು ಮಳೆ ಬಂದರೆ ಅತ್ತೆಯವರು ಹಿಂದಿನ ಕೋಣೆಯಲ್ಲಿ ಮಲಗುವುದಿಲ್ಲ.

ಮಳೆಗಾಲ ಮುಗಿದ ಮೇಲೆ ತಡೆಗೋಡೆ ಕಟ್ಟಿಸಬೇಕು. ಮೂವರು ಬಂದು ನೋಡಿ ಹೋಗಿದ್ದಾರೆ.

ಮೊದಲನೆಯವರು ಅತ್ತೆಯ ತವರಿನ ಕಡೆ ಪರಿಚಯದವರು. ಕೆಂಪುಕಲ್ಲಿನ ಗೋಡೆ, ಒಟ್ಟು 1 ಲಕ್ಷದ 35 ಸಾವಿರ. ಟೇಪು ಹಿಡಿಯಲಿಲ್ಲ, ಹೆಜ್ಜೆ ಹಾಕಿ ಅಳೆದರು. ‘ನಾವು ನಾವೇ ಅಲ್ಲವೇ ಅಕ್ಕ, ಕಾಗದ ಯಾಕೆ’ ಎಂದರು. ಎರಡನೆಯವರು ವಯಸ್ಸಾದ ಮೇಸ್ತ್ರಿ. ಕಪ್ಪುಕಲ್ಲಿನ ಗೋಡೆ, ಬುಡ ಅಗಲ, ತಲೆ ಸಪೂರ, 3 ಲಕ್ಷದ 40 ಸಾವಿರ. ಒಂದು ರಟ್ಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಚಿತ್ರ ಬಿಡಿಸಿ ಕೊಟ್ಟಿದ್ದಾರೆ. ಮೂರನೆಯದು ಪೇಟೆಯ ಕಂಪನಿ. ಕಾಂಕ್ರೀಟ್ ಗೋಡೆ, 4 ಲಕ್ಷದ 75 ಸಾವಿರ ಮತ್ತು ಜಿಎಸ್‌ಟಿ ಬೇರೆ. ಮುದ್ರಿಸಿದ ಎಸ್ಟಿಮೇಟ್, ಮೊಬೈಲಿನಲ್ಲಿ ಚಂದ ಚಂದದ ಫೋಟೊಗಳು. ಅರ್ಧ ಹಣ ಮುಂಗಡ ಕೇಳುತ್ತಿದ್ದಾರೆ.

ಅತ್ತೆಗೆ ಮೊದಲನೆಯವರು ಆಗಬೇಕು. ದುಬೈಯಲ್ಲಿರುವ ನನ್ನ ಯಜಮಾನರಿಗೆ ಫೋಟೊ ನೋಡಿದಾಗಿನಿಂದ ಮೂರನೆಯವರು ಆಗಬೇಕು. ಮಣ್ಣು ಬಂದದ್ದನ್ನು ಕಣ್ಣಾರೆ ಕಂಡವಳು ನಾನು, ನನಗೆ ಯಾರೂ ಆಗುತ್ತಿಲ್ಲ. ನಂಬುವುದು ಹೇಗೆ? ಏನು ಕೇಳಬೇಕು, ಏನು ನೋಡಬೇಕು? ಕಟ್ಟಿಸಿ ಅನುಭವ ಇರುವವರು ಹೇಳಿ.

ನಿವೃತ್ತ ಜೆಇ:

ತಂಗಿ, ಮೂವರಲ್ಲಿ ಯಾರಾದರೂ ಧರೆಯ ಮೇಲೆ ಹತ್ತಿ ನೋಡಿದರೇ? ನಿಮ್ಮ ಬರಹದಲ್ಲಿ ಅದಿಲ್ಲ. ನನಗೆ ಬೇಕಾದ ಮೊದಲ ಉತ್ತರ ಅದೇ. ಕೆಳಗೆ ಅಂಗಳದಲ್ಲಿ ನಿಂತು ಗೋಡೆಗೆ ದರ ಹೇಳುವವನು ಕಂಪೌಂಡ್ ಕಟ್ಟುವವನು. ತಡೆಗೋಡೆ ಕಟ್ಟುವವನು ಮೇಲೆ ಹತ್ತುತ್ತಾನೆ. ಅಲ್ಲಿ ಯಾರ ಜಾಗ, ತೋಟವೋ ಗುಡ್ಡವೋ, ಮಳೆನೀರು ಎಲ್ಲಿಂದ ಬಂದು ಎಲ್ಲಿ ಇಳಿಯುತ್ತದೆ, ಅಂಚಿನಲ್ಲಿ ಮರವಿದೆಯೇ, ಇಂಗುಗುಂಡಿ ಇದೆಯೇ ಎಂದು ಕೇಳುತ್ತಾನೆ.

ಕಾರಣ ಹೇಳುತ್ತೇನೆ. ಗೋಡೆಯನ್ನು ಬೀಳಿಸುವುದು ಬರಿಯ ಮಣ್ಣಲ್ಲ, ಮಣ್ಣಿನಲ್ಲಿ ನಿಂತ ನೀರು. 8 ಅಡಿ ಎತ್ತರದ ಗೋಡೆಯ ಹಿಂದೆ ತುದಿಯವರೆಗೆ ನೀರು ತುಂಬಿಕೊಂಡರೆ, ಗೋಡೆಯ ಪ್ರತಿ ಅಡಿ ಉದ್ದದ ಮೇಲೂ ನೀರೊಂದೇ ಸುಮಾರು 900 ಕೆಜಿ ಭಾರದಷ್ಟು ಬಲದಿಂದ ತಳ್ಳುತ್ತದೆ. ಮಣ್ಣಿನ ಒತ್ತಡ ಇದಕ್ಕೆ ಸೇರಿಕೊಳ್ಳುತ್ತದೆ. ಎತ್ತರ ಇಮ್ಮಡಿಯಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಒಂದು ಕಲ್ಲಿನ ದಪ್ಪದ ಕೆಂಪುಕಲ್ಲಿನ ಗೋಡೆ ಇದನ್ನು ತಡೆಯುವುದಿಲ್ಲ. ಸಂಬಂಧಿಕರು ಕಟ್ಟಿದರೂ ತಡೆಯುವುದಿಲ್ಲ.

ಇನ್ನೊಂದು, ನಮ್ಮ ಕಡೆಯ ಶೇಡಿ ಮಣ್ಣು. ಮೇಲೆ ಗಟ್ಟಿ ಮುರಕಲ್ಲು (ಕೆಂಪುಕಲ್ಲು) ಇರುತ್ತದೆ, ಅದರ ಅಡಿಯಲ್ಲಿ ಬಿಳಿ, ಗುಲಾಬಿ, ಹಳದಿ ಬಣ್ಣದ ನುಣುಪು ಮಣ್ಣು. ಬೇಸಿಗೆಯಲ್ಲಿ ಪಿಕಾಸಿಗೂ ಬಗ್ಗುವುದಿಲ್ಲ, ನೀರು ಕುಡಿದ ಮೇಲೆ ಬೆಣ್ಣೆ. ಜರಿದ ಮೂಲೆಯ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ. ಶೇಡಿಯಾಗಿದ್ದರೆ ಅದನ್ನೇ ಗೋಡೆಯ ಹಿಂದೆ ಮತ್ತೆ ತುಂಬುವಂತಿಲ್ಲ. ಗೋಡೆಗೆ ಅಂಟಿಕೊಂಡು ಒಂದೂವರೆ ಅಡಿಯಾದರೂ ಜಲ್ಲಿ ತುಂಬಬೇಕು. ಗೋಡೆಯಲ್ಲಿ 3–4 ಇಂಚಿನ ಪೈಪುಗಳನ್ನು ಹೊರಕ್ಕೆ ಓರೆಯಾಗಿ ಐದಾರು ಅಡಿಗೊಂದರಂತೆ ಇಡಬೇಕು. ‘ತೆಗೆದ ಮಣ್ಣನ್ನೇ ಹಿಂದೆ ಹಾಕಿದರಾಯಿತು, ಖರ್ಚು ಉಳಿಯುತ್ತದೆ’ ಎನ್ನುವವನಿಗೆ ಒಂದು ಲೋಟ ಚಹಾ ಕೊಟ್ಟು ಕಳುಹಿಸಿ.

ನೀವು ಮೂರು ದರಗಳನ್ನು ಹೋಲಿಸುತ್ತಿಲ್ಲ, ಮೂರು ಬೇರೆ ಬೇರೆ ವಸ್ತುಗಳನ್ನು ಹೋಲಿಸುತ್ತಿದ್ದೀರಿ. ಮೊದಲು ಗುತ್ತಿಗೆಗೆ ಸಂಬಂಧವಿಲ್ಲದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಅವರನ್ನು ಕರೆಸಿ, ಶುಲ್ಕ ಕೊಟ್ಟು, ನಕ್ಷೆ ಮಾಡಿಸಿ. ಆ ಒಂದೇ ನಕ್ಷೆಗೆ ಮೂವರೂ ದರ ಹೇಳಲಿ. ಆಗ ಯಾರು ಎಲ್ಲಿ ಕತ್ತರಿಸಿದ್ದಾರೆ ಎಂಬುದು ತಾನಾಗಿ ಕಾಣುತ್ತದೆ. ಈ ಶುಲ್ಕ ದಂಡ ಎಂದು ಹೇಳುವ ಗುತ್ತಿಗೆದಾರ ನಕ್ಷೆಗೆ ಹೆದರುತ್ತಿದ್ದಾನೆ ಎಂದುಕೊಳ್ಳಿ.

ರಟ್ಟಿನ ಮೇಲೆ ಚಿತ್ರ ಬಿಡಿಸಿದ ಮೇಸ್ತ್ರಿಯನ್ನು ನಾನು ಸುಲಭವಾಗಿ ಬಿಡುವುದಿಲ್ಲ. ಬುಡ ಅಗಲ, ತಲೆ ಸಪೂರ ಎಂದದ್ದು ಸರಿಯಾದ ಮಾತು. ಭಾರದಿಂದಲೇ ನಿಲ್ಲುವ ಕಲ್ಲಿನ ಗೋಡೆಗೆ ಎತ್ತರದ ಅರ್ಧದಿಂದ ಮುಕ್ಕಾಲಿಗೆ ಸಮೀಪದವರೆಗೆ ಬುಡ ಬೇಕಾಗುತ್ತದೆ. ನಿಮ್ಮಲ್ಲಿ ನಾಲ್ಕು, ನಾಲ್ಕೂವರೆ ಅಡಿ ಎಂದಿಟ್ಟುಕೊಳ್ಳಿ. ಅಂಗಳದ 11 ಅಡಿಯಲ್ಲಿ ಎಷ್ಟು ಉಳಿಯುತ್ತದೆ ಎಂದು ಅವರನ್ನೇ ಕೇಳಿ. ಕಾಂಕ್ರೀಟ್ ಗೋಡೆ ನೋಡಲು ಸಪೂರ, ಆದರೆ ಅದರ ಪಾದ ಧರೆಯ ಒಳಕ್ಕೆ ಹೋಗಬೇಕು. ಅಂದರೆ ಈಗಾಗಲೇ ಜರಿಯುತ್ತಿರುವುದನ್ನು ಇನ್ನಷ್ಟು ಕಡಿಯಬೇಕು. ಯಾವ ವಿಧಾನವಾದರೂ 42 ಅಡಿಯನ್ನು ಒಂದೇ ದಿನ ಜೆಸಿಬಿಯಿಂದ ಬಗೆಯಲು ಬಿಡಬೇಡಿ, ಹತ್ತು ಹತ್ತು ಅಡಿಯಂತೆ ಕಡಿದು ಕಟ್ಟುತ್ತಾ ಹೋಗಬೇಕು.

ಕಂಪನಿಯವರಿಗೆ ಒಂದೇ ಪ್ರಶ್ನೆ ಇಡಿ: ‘ಗೋಡೆಯ ಮುಖ್ಯ ಕಂಬಿ ಯಾವ ಬದಿಗೆ?’ ಅಂಥ ಗೋಡೆಯಲ್ಲಿ ಮಣ್ಣಿನ ಬದಿಗೇ ಇರಬೇಕು, ಏಕೆಂದರೆ ಮಣ್ಣು ತಳ್ಳಿದಾಗ ಗೋಡೆ ಆ ಬದಿಯಲ್ಲಿ ಎಳೆದುಕೊಳ್ಳುತ್ತದೆ. ‘ನಡುವೆ ಒಂದು ಜಾಲರಿ ಕೊಡುತ್ತೇವೆ ಮೇಡಂ’ ಎಂದರೆ ಲೆಟರ್‌ಹೆಡ್ ಎಷ್ಟು ದಪ್ಪಗಿದ್ದರೂ ಪ್ರಯೋಜನವಿಲ್ಲ.

ಕಲ್ಲುಕೆಲಸದವನು:

ನಾನು ಮೇಸ್ತ್ರಿ. ಬೆಳ್ತಂಗಡಿ ಕಡೆ ಕೆಲಸ. ಜೆಇ ಸರ್ ಹೇಳಿದ್ದು ಸರಿ. ನಮ್ಮ ಕಡೆಯ ಮಾತನ್ನೂ ಸ್ವಲ್ಪ ಕೇಳಿ.

ಮುಂಗಡ ಕೇಳಿದವರೆಲ್ಲ ಕಳ್ಳರಲ್ಲ. ಕಲ್ಲಿನ ಲಾರಿಯವನಿಗೆ ಇಳಿಸಿದ ದಿನವೇ ಹಣ ಬೇಕು, ಆಳುಗಳಿಗೆ ಶನಿವಾರ ಸಂಬಳ ಬೇಕು. ಆದರೆ ಅರ್ಧ ಮುಂಗಡ ಹೆಚ್ಚಾಯಿತು. ಅಷ್ಟು ಕೊಟ್ಟರೆ ಅದು ಹಿಂದಿನ ಸೈಟ್‌ನ ಸಾಲ ತೀರಿಸಲು ಹೋಗುತ್ತದೆ, ನಿಮ್ಮ ಕೆಲಸಕ್ಕೆ ಮುಂದಿನವರ ಮುಂಗಡ ಬರಬೇಕು. ನಮ್ಮಲ್ಲಿ ಸುಮಾರು ಜನ ಹೀಗೆಯೇ ಮುಳುಗಿದ್ದಾರೆ. ಕಲ್ಲು, ಸಿಮೆಂಟು, ಮರಳನ್ನು ನೀವೇ ತರಿಸಿ ಅಂಗಡಿಗೇ ಹಣ ಕೊಟ್ಟು, ನಮಗೆ ಕೂಲಿ ಗುತ್ತಿಗೆ ಕೊಟ್ಟರೆ ಇಬ್ಬರಿಗೂ ನಿದ್ದೆ ಬರುತ್ತದೆ. ಮರಳು, ಜಲ್ಲಿಯನ್ನು ‘ಲೋಡ್’ ಲೆಕ್ಕದಲ್ಲಿ ತೆಗೆದುಕೊಳ್ಳಬೇಡಿ, ಲಾರಿಯ ತೊಟ್ಟಿ ಅಳೆದು ಘನ ಅಡಿಯಲ್ಲಿ ಲೆಕ್ಕ ಹಾಕಿ. 100 ಘನ ಅಡಿಗೆ ಒಂದು ಯೂನಿಟ್.

ಫೋಟೊ ನಂಬಬೇಡಿ ಅಕ್ಕ. ನಾನು ಕಟ್ಟಿದ ಒಂದು ಗೋಡೆಯ ಫೋಟೊವನ್ನು ಬೇರೆ ಇಬ್ಬರು ತಮ್ಮದೆಂದು ತೋರಿಸುತ್ತಿದ್ದಾರೆ. ಎರಡು ಮಳೆಗಾಲ ಕಳೆದ ಗೋಡೆ ಎಲ್ಲಿದೆ ಎಂದು ಕೇಳಿ, ಅಲ್ಲಿಗೆ ಹೋಗಿ, ಆ ಮನೆಯ ಹೆಂಗಸರ ಹತ್ತಿರ ಮಾತನಾಡಿ. ಯಜಮಾನರು ಮರ್ಯಾದೆಗೆ ‘ಪರವಾಗಿಲ್ಲ’ ಎನ್ನುತ್ತಾರೆ. ಆಳುಗಳಿಗೆ ಚಹಾ ಮಾಡಿಕೊಟ್ಟವರು ನಿಜ ಹೇಳುತ್ತಾರೆ: ಎಷ್ಟು ದಿನ ಬರಲಿಲ್ಲ, ಯಾರು ನೀರು ಹಾಕಿದರು, ಕೊನೆಗೆ ಲೆಕ್ಕದಲ್ಲಿ ಜಗಳ ಆಯಿತೇ. ಈಗ ಮಳೆ ಪೂರ್ತಿ ಬಿಟ್ಟಿಲ್ಲ, ಹೋಗಲು ಇದೇ ಹೊತ್ತು. ಪೈಪುಗಳಲ್ಲಿ ನೀರು ಸುರಿಯುತ್ತಿದ್ದರೆ ಒಳ್ಳೆಯ ಗೋಡೆ. ಪೈಪು ಒಣಗಿದ್ದು ಕಲ್ಲಿನ ಸಂದಿಯಲ್ಲಿ ನೀರು ಜಿನುಗುತ್ತಿದ್ದರೆ ಹಿಂದೆ ಜಲ್ಲಿ ಹಾಕಿಲ್ಲ, ಇಲ್ಲವೇ ಹಾಕಿದ್ದರಲ್ಲಿ ಮಣ್ಣು ಕಟ್ಟಿಕೊಂಡಿದೆ.

‘ಈಗ ಕೈಯಲ್ಲಿ ಎಷ್ಟು ಕೆಲಸ ಇದೆ’ ಎಂದೂ ಕೇಳಿ. ನವೆಂಬರ್‌ನಲ್ಲಿ ಎಲ್ಲರಿಗೂ ಹೂಂ ಎಂದು ಪಾಯ ತೋಡಿ ಹೋಗುವವರು ಇದ್ದಾರೆ. ತೋಡಿ ಬಿಟ್ಟ ಧರೆ ತೋಡದ ಧರೆಗಿಂತ ಅಪಾಯ.

ಮಣಿಪಾಲದ ಅಕ್ಕ:

ಕಾಗದದ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಮ್ಮ ಮನೆಯ ಅಂಗಳಕ್ಕೆ ಇಂಟರ್‌ಲಾಕ್ ಹಾಕಲು ಬಂದವರು ಮುಕ್ಕಾಲು ಹಣ ಪಡೆದು, ಕಾರು ಓಡುವ ಜಾಗಕ್ಕೆ ಒಪ್ಪಿದ್ದ 80 ಮಿಲಿಮೀಟರ್ ಕಲ್ಲಿನ ಬದಲು 60ರದ್ದು ಹಾಸಿ ಹೋದರು. ಕರೆ ಮಾಡಿದರೆ ಎತ್ತುವುದಿಲ್ಲ. ನನ್ನ ಬಳಿ ಕಲ್ಲಿನ ದಪ್ಪವನ್ನೂ ಬರೆದಿದ್ದ ಒಪ್ಪಂದ ಇತ್ತು, ಹಣವೆಲ್ಲ ಬ್ಯಾಂಕಿನ ಮೂಲಕ ಹೋಗಿತ್ತು. ಆದ್ದರಿಂದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂಬ ನೋಟಿಸ್ ಕಂಡ ಕೂಡಲೇ ಮಾತಿಗೆ ಬಂದರು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆ ನಾವೇ ವಾದಿಸಬಹುದು. ತೊಂದರೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು, ಅಷ್ಟೇ.

ಒಪ್ಪಂದದಲ್ಲಿ ಗೋಡೆಯ ಉದ್ದ, ಎತ್ತರ, ಬುಡದ ಅಗಲ, ಪಾಯದ ಆಳ, ಪೈಪು, ಜಲ್ಲಿ ಎಲ್ಲವನ್ನೂ ಬರೆಸಿ, ನಕ್ಷೆಗೂ ಇಬ್ಬರೂ ಸಹಿ ಹಾಕಿ. ತೆಗೆದ ಮಣ್ಣನ್ನು ಸಾಗಿಸುವುದು ಯಾರ ಖರ್ಚು ಎಂಬುದನ್ನು ಮರೆಯಬೇಡಿ, ಜಗಳ ಹುಟ್ಟುವುದೇ ಅಲ್ಲಿ. ಪಾಯ ಮುಗಿದಾಗ ಇಷ್ಟು, ಅರ್ಧ ಎತ್ತರಕ್ಕೆ ಇಷ್ಟು ಎಂದು ಹಣವನ್ನು ಹಂತ ಮಾಡಿ, ಹತ್ತನೇ ಒಂದು ಭಾಗವನ್ನು ಮುಂದಿನ ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟುಕೊಳ್ಳಿ. ಒಪ್ಪದವರು ಬಹಳ. ಒಪ್ಪಿದವರು ಸಿಕ್ಕರೆ ಬಿಡಬೇಡಿ.

ಜಿಎಸ್‌ಟಿ ಕೇಳುವವರ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿ ನೋಡಿ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ, ಹೆಸರು ಹೊಂದಬೇಕು, ನೋಂದಣಿ ಚಾಲ್ತಿಯಲ್ಲಿರಬೇಕು. ವರ್ಷದ ವಹಿವಾಟು 20 ಲಕ್ಷದೊಳಗಿರುವ ಸಣ್ಣ ಮೇಸ್ತ್ರಿಗೆ ನೋಂದಣಿ ಇಲ್ಲದಿರುವುದು ತಪ್ಪಲ್ಲ. ಆದರೆ ಅವರು ಜಿಎಸ್‌ಟಿ ಎಂದು ಹಣ ತೆಗೆದುಕೊಳ್ಳುವಂತಿಲ್ಲ.

ಧರೆಯ ಮೇಲಿನ ಜಾಗ ಬೇರೆಯವರದ್ದಾದರೆ ಗೋಡೆ ಎತ್ತುವ ಮೊದಲು ಜಾಗದ ಗಡಿ ಗುರುತಿಸುವ ಹದ್ದುಬಸ್ತು ಅಳತೆಗೆ ಅರ್ಜಿ ಕೊಡಿ. ಮುಗಿದ ಮೇಲೆ ‘ನಮ್ಮ ಜಾಗಕ್ಕೆ ಒಂದಡಿ ಬಂದಿದೆ’ ಎಂದರೆ ಕಷ್ಟ. ಆಳುಗಳಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯೇ ಎಂದೂ ಕೇಳಿ. ಧರೆಯ ಬುಡದಲ್ಲಿ ಬಗ್ಗಿ ಕೆಲಸ ಮಾಡುವವರು ಅವರು.

ಪುತ್ತೂರಿನ ಟೀಚರ್:

ಎಲ್ಲರಿಗೂ ಧನ್ಯವಾದ. ಈ ವಾರ ಕೇಳಿದೆ, ನೋಡಿದೆ.

ಜರಿದ ಮಣ್ಣು ಗುಲಾಬಿ ಬಿಳಿ, ಕೈಗೆ ಜಾರುತ್ತದೆ. ಶೇಡಿಯೇ. ಮೇಲಿನದು ನಮ್ಮದೇ ಗೇರುಹಿತ್ತಿಲು, ಅಂಚಿನವರೆಗೂ ನೀರು ಹರಿದು ಬರುತ್ತದೆ. ಮೊದಲನೆಯವರಿಗೆ ನಕ್ಷೆಯ ವಿಷಯ ಹೇಳಿದಾಗ ‘ನಮ್ಮ ಮೇಲೆ ನಂಬಿಕೆ ಇಲ್ಲವೇ’ ಎಂದು ಸಿಟ್ಟಾದರು. ಅತ್ತೆಯವರಿಗೂ ಸ್ವಲ್ಪ ಸಿಟ್ಟು ಬಂದಿದೆ, ಇಳಿಯಬಹುದು. ಕಂಪನಿಯವರಿಗೆ ಕಂಬಿಯ ಪ್ರಶ್ನೆ ಇಟ್ಟೆ. ಬಂದವರು ‘ಎಂಜಿನಿಯರ್ ಅವರನ್ನು ಕೇಳಿ ಹೇಳುತ್ತೇನೆ’ ಎಂದರು. ಇನ್ನೂ ಹೇಳಿಲ್ಲ.

ಮೇಸ್ತ್ರಿಯವರನ್ನು ಧರೆಯ ಮೇಲೆ ಹತ್ತಿದ್ದಿರೇ ಎಂದು ಕೇಳಿದರೆ, ಮೊದಲ ದಿನವೇ ಹತ್ತಿದ್ದೆ, ನೀವು ಶಾಲೆಯಲ್ಲಿದ್ದಿರಿ ಎಂದರು! ಎಂಜಿನಿಯರ್ ನಕ್ಷೆಗೂ ಒಪ್ಪಿದರು. ಅವರು ಕಟ್ಟಿದ ಎರಡು ಗೋಡೆ ನೋಡಿ ಬಂದೆ. ಒಂದರಲ್ಲಿ ಪೈಪುಗಳು ಚೆನ್ನಾಗಿ ಹರಿಯುತ್ತಿದ್ದವು. ಇನ್ನೊಂದರಲ್ಲಿ ಎರಡು ಪೈಪು ಕಟ್ಟಿಕೊಂಡು ನೀರು ಬರುತ್ತಿರಲಿಲ್ಲ, ಆ ಮನೆಯಾಕೆ ಅದನ್ನು ಮುಚ್ಚಿಡಲಿಲ್ಲ. ಆದರೆ ಕರೆದ ದಿನವೇ ಬಂದು ನೋಡಿದ್ದರು, ಹಣ ಕೇಳಲಿಲ್ಲ ಎಂದೂ ಹೇಳಿದರು. ಹತ್ತನೇ ಒಂದು ಭಾಗ ಹಿಡಿದಿಡುವುದಕ್ಕೆ ಮಾತ್ರ ಒಪ್ಪುತ್ತಿಲ್ಲ, ಇಪ್ಪತ್ತನೇ ಒಂದು ಭಾಗ ಎನ್ನುತ್ತಾರೆ. ಅಂಗಳ ಕಿರಿದಾಗುವುದು ನನಗೆ ಇನ್ನೂ ಮನಸ್ಸಿಗೆ ಬರುತ್ತಿಲ್ಲ.

ನಿವೃತ್ತ ಜೆಇ:

ಇಪ್ಪತ್ತನೇ ಒಂದಕ್ಕೆ ಒಪ್ಪಿಕೊಳ್ಳಿ. ಕರೆದಾಗ ಬಂದ ಮನುಷ್ಯ ಎಂಬುದಕ್ಕೆ ಉಳಿದದ್ದನ್ನು ಬಿಟ್ಟುಕೊಡಬಹುದು. ಕಟ್ಟಿಕೊಂಡ ಪೈಪುಗಳ ಬಗ್ಗೆ ಮಾತ್ರ ಕೇಳಿ. ಜಲ್ಲಿಗೂ ಮಣ್ಣಿಗೂ ನಡುವೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಿದರೆ ಶೇಡಿ ನುಸುಳಿ ಬರುವುದು ಕಡಿಮೆಯಾಗುತ್ತದೆ. ಎಸ್ಟಿಮೇಟ್‌ನಲ್ಲಿ ಅದನ್ನೂ ಸೇರಿಸಲಿ.

ಅಂಗಳದ ಚಿಂತೆಗೆ: ಮೇಲಿನ ಜಾಗವೂ ನಿಮ್ಮದೇ ಆದ್ದರಿಂದ ದಾರಿ ಇದೆ. ಧರೆಯ ಮೇಲಿನ ಮೂರಡಿಯನ್ನು ಹಿತ್ತಿಲಿನ ಕಡೆಗೆ ಓರೆಯಾಗಿ ಕಡಿದು ಲಾವಂಚ ನೆಟ್ಟರೆ ಗೋಡೆ ಐದಡಿಗೆ ಇಳಿಯಬಹುದು, ಬುಡವೂ ಕಿರಿದಾಗುತ್ತದೆ, ಖರ್ಚೂ ಇಳಿಯುತ್ತದೆ. ಆಗುತ್ತದೆಯೋ ಇಲ್ಲವೋ ಎಂಬುದನ್ನು ನಕ್ಷೆ ಮಾಡುವವರು ಮಣ್ಣು ನೋಡಿ ಹೇಳಲಿ. ಓರೆಯ ತಲೆಯಿಂದ ಆಚೆಗೆ ಒಂದು ಕಣಿ ತೋಡಿ, ಗೇರುಹಿತ್ತಿಲಿನ ನೀರನ್ನು ಬದಿಗೆ ಹರಿಸಬೇಕು. ಕಣಿಗೆ ನವೆಂಬರ್‌ವರೆಗೆ ಕಾಯುವುದು ಬೇಡ, ಹಿಂಗಾರು ಮಳೆ ಇನ್ನೂ ಇದೆ. ಈ ಭಾನುವಾರ ಇಬ್ಬರು ಆಳು ಹಿಡಿದು ಅಂಚಿನಿಂದ ದೂರಕ್ಕೆ ತೋಡಿಸಿ, ತಳಕ್ಕೆ ಟಾರ್ಪಾಲ್ ಹಾಸಿ. ಜರಿದ ಮೂಲೆಗೂ ಒಂದು ಟಾರ್ಪಾಲ್ ಹೊದಿಸಿ ಕಲ್ಲು ಹೇರಿಡಿ.