ಮನೆಯಲ್ಲಿ ಕಾರಿರುವಾಗ 108 ಏಕೆ ಎಂಬ ಪ್ರಶ್ನೆಗೆ

ಗುಂಪಿನಲ್ಲಿರುವ ಹಿರಿಯರಿಗೆಲ್ಲ ನಮಸ್ಕಾರ. ಎದೆನೋವು ಬಂದು ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದಿದ್ದ ಭಾವನವರನ್ನು ಐಸಿಯುವಿನಿಂದ ವಾರ್ಡಿಗೆ ತಂದಿದ್ದಾರೆ, ಎರಡು ಲೋಟ ಗಂಜಿ ಕುಡಿದಿದ್ದಾರೆ ಎಂದು ಅಕ್ಕ ಬೆಳಿಗ್ಗೆ ತಿಳಿಸಿದ ಮೇಲೆಯೇ ನನಗೆ ಜೀವ ಬಂದಂತಾಯಿತು. ಪ್ರಶಾಂತ, "ಅಂಗಳದಲ್ಲಿ ಕಾರು ನಿಂತಿರುವಾಗ 108 ಬರುವ ತನಕ ಕಾಯುವುದು ಸಮಯ ಹಾಳಲ್ಲವೇ ಚಿಕ್ಕಮ್ಮ, ನಾವು ಮಾಡಿದ್ದು ಸರಿ ತಾನೇ?" ಎಂದು ನೀನು ನಿನ್ನೆ ರಾತ್ರಿ ಕೇಳಿದ್ದೆ. ನೈಟ್ ಡ್ಯೂಟಿಯಲ್ಲಿದ್ದುದರಿಂದ ಆಗ ಉತ್ತರಿಸಲಾಗಲಿಲ್ಲ. ಈಗ ಹೇಳುವುದು ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಕೇಳು.

ನಾನು ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ, ಅಂದರೆ ತುರ್ತು ವಿಭಾಗದಲ್ಲಿ, ಕೆಲಸ ಮಾಡುತ್ತ 19 ವರ್ಷಗಳಾದವು. ಪ್ರಜ್ಞೆ ತಪ್ಪಿದವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ತರುವುದನ್ನು ಇಂದಿಗೂ ನೋಡುತ್ತಿದ್ದೇನೆ. ಬಾಗಿಲು ತೆರೆದಾಗ ಅವರ ಗದ್ದ ಎದೆಗೆ ತಾಗಿರುತ್ತದೆ, ನಾಲಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನು ಮುಚ್ಚಿರುತ್ತದೆ, ತುಟಿ ನೀಲಿಗಟ್ಟಿರುತ್ತದೆ. ಹಿಡಿದುಕೊಂಡು ಕೂತವರಿಗೆ ಅದು ಗೊತ್ತೇ ಆಗಿರುವುದಿಲ್ಲ. "ನಿದ್ದೆ ಬಂದ ಹಾಗಿದೆ" ಎನ್ನುತ್ತಾರೆ. ಆಮ್ಲಜನಕ ಸಿಗದ ಮೆದುಳು ನಾಲ್ಕೈದು ನಿಮಿಷಗಳಲ್ಲೇ ಹಾಳಾಗತೊಡಗುವುದರಿಂದ, ಅಂಥವರ ಪಾಲಿಗೆ ಕಾರಿನ ವೇಗಕ್ಕಿಂತ ಅವರನ್ನು ಮಲಗಿಸಿ ಗದ್ದವನ್ನು ಮೇಲಕ್ಕೆತ್ತಿ ಹಿಡಿಯುವ ಒಂದು ಕೈ ದೊಡ್ಡದು.

ಆಂಬ್ಯುಲೆನ್ಸಿನಲ್ಲಿ ಆ ಕೈ ಇರುತ್ತದೆ. ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾದ 108 ಸೇವೆಯ ಗಾಡಿಯಲ್ಲಿ ಪೈಲಟ್ ಎಂದು ಕರೆಯುವ ಚಾಲಕರ ಜೊತೆ ತುರ್ತು ಚಿಕಿತ್ಸೆಯ ತರಬೇತಿ ಪಡೆದ ಸಿಬ್ಬಂದಿ (ಇಎಂಟಿ) ಇರುತ್ತಾರೆ, ಆಮ್ಲಜನಕ ಇರುತ್ತದೆ, ಗಂಟಲಲ್ಲಿ ಸಿಕ್ಕಿಕೊಂಡ ವಾಂತಿ ಅಥವಾ ರಕ್ತವನ್ನು ಎಳೆದು ತೆಗೆಯುವ ಯಂತ್ರ ಇರುತ್ತದೆ. ಎಎಲ್‌ಎಸ್ ಎಂಬ, ಹೆಚ್ಚಿನ ಜೀವರಕ್ಷಕ ಸಲಕರಣೆ ಇರುವ ಗಾಡಿಯಾದರೆ ವೆಂಟಿಲೇಟರ್ ಮತ್ತು ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಕೂಡ ಇರುತ್ತವೆ. ಹೃದಯಾಘಾತವಾದವರಲ್ಲಿ ಬಹಳ ಮಂದಿ ಮೊದಲ ಗಂಟೆಯಲ್ಲೇ, ಆಸ್ಪತ್ರೆ ಸೇರುವ ಮೊದಲೇ, ಹೃದಯದ ಬಡಿತ ಲಯ ತಪ್ಪಿ ಸಾಯುತ್ತಾರೆ. ಇದನ್ನು ಕಂಡೇ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಹೃದ್ರೋಗ ತಜ್ಞ ಫ್ರಾಂಕ್ ಪ್ಯಾಂಟ್ರಿಜ್ ಅವರು ಕಾರಿನ ಬ್ಯಾಟರಿಗಳಿಂದ ನಡೆಯುವ, ಸುಮಾರು 70 ಕಿಲೋ ತೂಕದ ಡಿಫಿಬ್ರಿಲೇಟರನ್ನು ಆಂಬ್ಯುಲೆನ್ಸಿನೊಳಗೆ ಇಡಿಸಿ, 1966ರಲ್ಲಿ ವೈದ್ಯರನ್ನೇ ರೋಗಿಯ ಮನೆಬಾಗಿಲಿಗೆ ಕಳುಹಿಸತೊಡಗಿದರು. ಚಿಕಿತ್ಸೆ ರೋಗಿ ಬಿದ್ದಲ್ಲಿಯೇ ಆರಂಭವಾಗಬೇಕು ಎಂಬ ಆ ಮಾತನ್ನು ನಾನು ದಿನವೂ ನಂಬಿ ಕೆಲಸ ಮಾಡುತ್ತೇನೆ.

ಹಾಗೆಂದು ಎಲ್ಲ ಹೊತ್ತಿನಲ್ಲೂ ಕಾಯುತ್ತಲೇ ಕೂರಬೇಕು ಎಂದು ನಾನು ಹೇಳುವುದಿಲ್ಲ. ಮೊದಲು 108ಕ್ಕೆ ಕರೆ ಮಾಡಿ, ಗಾಡಿ ಎಲ್ಲಿದೆ, ಬರಲು ಎಷ್ಟು ಹೊತ್ತು ಬೇಕು ಎಂದು ಕೇಳಬೇಕು. ಹತ್ತಿರದ ಆಸ್ಪತ್ರೆಗೆ ನಾವೇ ತಲುಪುವುದಕ್ಕಿಂತ ಹೆಚ್ಚು ಹೊತ್ತಾಗುವುದಾದರೆ ಕಾರಿನಲ್ಲೇ ಹೊರಡಬೇಕಾಗುತ್ತದೆ, ಆದರೆ ಹತ್ತಿರದ ಆಸ್ಪತ್ರೆಗೆ. ನೀವು ತಾಲ್ಲೂಕು ಆಸ್ಪತ್ರೆಯ ಗೇಟಿನ ಮುಂದೆಯೇ ಹಾದು 60 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಹೋದಿರಿ. ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕೆಂಬ ನಿನ್ನ ಕಾಳಜಿ ನನಗೆ ಅರ್ಥವಾಗುತ್ತದೆ, ಮಗನೇ, ಆದರೂ ಅದು ತಪ್ಪಾಯಿತು. ಇಸಿಜಿ ತಾಲ್ಲೂಕಿನಲ್ಲೂ ಆಗುತ್ತಿತ್ತು. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ, ದೊಡ್ಡ ಕೇಂದ್ರದ ಹೃದ್ರೋಗ ತಜ್ಞರು ಇಸಿಜಿಯನ್ನು ದೂರದಿಂದಲೇ ನೋಡಿ ಹೇಳಿದ ಮೇಲೆ, ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅದಾದ ಮೇಲೆ ದೊಡ್ಡ ಊರಿಗೆ ಸಾಗಿಸಬಹುದು.

ಇನ್ನೊಂದು ಮಾತು, ಅಕ್ಕನಿಗೆ ನೋವಾಗದಿರಲಿ. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕೊಟ್ಟು ಮುಕ್ಕಾಲು ಗಂಟೆ ನೋಡಿದಿರಿ, ಆಮೇಲೆ ಚಾವಡಿಯ ಮೆಟ್ಟಿಲು ಇಳಿಸಿ ಕಾರಿನವರೆಗೆ ನಡೆಸಿದಿರಿ. ಬೆವರು ಕಿತ್ತುಕೊಂಡು ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದಾಗ ಒಂದು ಹೆಜ್ಜೆಯನ್ನೂ ನಡೆಸಬಾರದು. ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಎತ್ತಿಕೊಂಡು ಹೋಗಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಲೇಬಾರದು.

ಕರೆದರೂ ಅಲುಗಾಡದೆ, ಉಸಿರಾಟವೂ ಇಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಅಂಗೈಯ ಬುಡವನ್ನಿಟ್ಟು, ಮೊಣಕೈ ಮಡಚದೆ, ನಿಮಿಷಕ್ಕೆ 100ರಿಂದ 120 ಬಾರಿ, 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ನಡುವೆ ಪಕ್ಕೆಲುಬು ಮುರಿದ ಸದ್ದು ಕೇಳಿಸಬಹುದು. ಮೊದಲ ಸಲ ಕೇಳಿದಾಗ ನನ್ನ ಕೈಯೂ ನಿಂತುಬಿಟ್ಟಿತ್ತು, ಪಕ್ಕದಲ್ಲಿದ್ದ ಸಿಸ್ಟರ್ ಗದರಿಸಿ ಮುಂದುವರಿಸಿದರು. ಎಲುಬು ಕೂಡಿಕೊಳ್ಳುತ್ತದೆ, ಒತ್ತುವುದನ್ನು ನಿಲ್ಲಿಸಬಾರದು.

ಬರುವ ಭಾನುವಾರ ಊರಿಗೆ ಬಂದಾಗ ದಿಂಬಿನ ಮೇಲೆ ಇದನ್ನು ಎಲ್ಲರ ಕೈಯಲ್ಲೂ ಮಾಡಿಸುತ್ತೇನೆ, ಹೈಸ್ಕೂಲು ಮಕ್ಕಳೂ ಇರಲಿ. ಪ್ರಶಾಂತ, ಅಷ್ಟರಲ್ಲಿ ನೀನು ಒಂದು ಕೆಲಸ ಮಾಡು. ಸಂಕದ ಹತ್ತಿರ ದಾರಿ ಕವಲೊಡೆಯುವಲ್ಲಿ ಮ್ಯಾಪ್ ತೋಟದ ಕಡೆಗೆ ತಿರುಗಿಸುತ್ತದೆ. ಅಲ್ಲಿ ಮನೆಯ ಹೆಸರಿನ ಬೋರ್ಡು ನೆಡಿಸು, ಮತ್ತು ಆಂಬ್ಯುಲೆನ್ಸಿಗೆ ಕರೆ ಮಾಡಿದ ಕೂಡಲೇ ಟಾರ್ಚ್ ಹಿಡಿದು ಅಲ್ಲಿಗೆ ಓಡುವವರು ಯಾರು, ದಾರಿಗೆ ಅಡ್ಡ ಹಾಕಿದ ಉಣಗೋಲು ತೆಗೆದಿಡುವವರು ಯಾರು ಎಂಬುದನ್ನು ಮನೆಯವರೆಲ್ಲ ಕುಳಿತು ಈಗಲೇ ಗೊತ್ತುಮಾಡಿಕೊಳ್ಳಿ.